ಕಳ್ಳನ ಬೆನ್ನಟ್ಟಿದವರು, ರಕ್ಕಸನಾದ ಕಳ್ಳ

ಮಾಘ ಮಾಸದ ಭಾರತ ಹುಣ್ಣಿಮೆ ಹತ್ತಿರವಾದಂತೆ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ದಾರಿಗಳೆಲ್ಲ ಚಿಂಚಲಿಯ ಕಡೆ ಮುಖ ಮಾಡುತ್ತವೆ. ಸಾಂಗಲಿ, ಕೊಲ್ಹಾಪುರ, ಸಾತಾರಾ, ಸೊಲ್ಲಾಪುರದ ಕಡೆಯ ಮರಾಠಿ ಜನ, ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ಕನ್ನಡ ಜನ ಒಂದೇ ಗುಡಿಗೆ ಬರುತ್ತಾರೆ. ಮಿರಜ–ಬೆಳಗಾವಿ ರೈಲು ಮಾರ್ಗದಲ್ಲಿ ಊರಿಗೆ ನಿಲ್ದಾಣವಿದೆ. ರಸ್ತೆಗಳ ಮೇಲೆ ಬಸ್ಸು ಲಾರಿಗಳಿವೆ. ಆದರೂ ಚಕ್ಕಡಿ ಕಟ್ಟಿಕೊಂಡೇ ಬರಬೇಕೆಂಬ ಹರಕೆ ಹೊತ್ತವರು ಇನ್ನೂ ಇದ್ದಾರೆ. ಹಾರಿಸಿದ ಭಂಡಾರದಿಂದ ಗುಡಿಯ ಅಂಗಳ, ಜನರ ತಲೆ, ಎತ್ತಿನ ಕೋಡು ಎಲ್ಲವೂ ಹಳದಿಯಾಗುತ್ತವೆ. ಇದು ಮಾಯಕ್ಕನ ಜಾತ್ರೆ.

ಈ ಮಾಯಕ್ಕ ಚಿಂಚಲಿಯಲ್ಲಿ ಹುಟ್ಟಿದವಳಲ್ಲ. ಆಕೆ ಬೆನ್ನಟ್ಟಿ ಬಂದವಳು. ಮಾಣದೇಶದಿಂದ, ಅಂದರೆ ಇಂದಿನ ಸಾತಾರಾ ಜಿಲ್ಲೆಯ ಮಾಣ ತಾಲ್ಲೂಕು ಮತ್ತು ಅದರ ಸುತ್ತಲಿನ ಒಣಭೂಮಿಯಿಂದ, ರಕ್ಕಸರನ್ನು ಅಟ್ಟಿಸಿಕೊಂಡು ಬಂದು, ಇಲ್ಲಿ ಅವರನ್ನು ಕೊಂದು, ಇಲ್ಲಿಯೇ ನೆಲೆಸಿದಳೆಂಬುದು ಸ್ಥಳಪುರಾಣ. ಪುರಾಣದ ಮಾತಿನಲ್ಲಿ ಆಕೆ ಮಹಾಕಾಳಿ. ಹೊರಗಿನಿಂದ ನೋಡಿದವರಿಗೆ ಉಗ್ರದೇವತೆ.

ಆದರೆ ಕುರುಬರ ಡೊಳ್ಳಿನ ಹಾಡುಗಳಲ್ಲಿ, ಗಡಿಯಾಚೆಯ ಧನಗರರ ಓವಿಗಳಲ್ಲಿ ಕಾಣುವ ಮಾಯವ್ವ ಬೇರೆಯೇ. ಅಲ್ಲಿ ಆಕೆ ಬೀರಪ್ಪನ ಅಕ್ಕ. ಹೆತ್ತವಳಿಂದ ದೂರವಾಗಿ ಕಾಡುಪಾಲಾದ ಕೂಸನ್ನು ಎತ್ತಿಕೊಂಡು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಹೆಸರಿನಲ್ಲೇ ಇರುವ ‘ಅಕ್ಕ’, ‘ಅವ್ವ’ ಎಂಬ ಪದಗಳು ಸುಮ್ಮನೆ ಬಂದವಲ್ಲ. ಒಬ್ಬಳೇ ದೇವತೆ ಒಂದು ಕಡೆಯಿಂದ ಭಯಂಕರಿ, ಇನ್ನೊಂದು ಕಡೆಯಿಂದ ಮನೆಯ ಹಿರಿಯಕ್ಕ. ಬೆನ್ನಟ್ಟುವವಳ ಮುಖವನ್ನಷ್ಟೇ ಕಂಡವರು, ಯಾರನ್ನು ಕಾಯುವುದಕ್ಕಾಗಿ ಬೆನ್ನಟ್ಟಿದಳು ಎಂಬುದನ್ನು ಮರೆತುಬಿಡುತ್ತಾರೆ.

ಈ ‘ಬೆನ್ನಟ್ಟುವ’ ಕಥೆ ನಮ್ಮ ಜನರ ನೆನಪಿನಲ್ಲಿ ಇಷ್ಟು ಆಳವಾಗಿ ಬೇರೂರಿದ್ದು ಹೇಗೆ? ಅಟ್ಟಿಸಿಕೊಂಡು ಹೋದವರು ದೇವರಾದದ್ದು, ಓಡಿದವರು ರಕ್ಕಸರಾದದ್ದು ಯಾವ ದಾರಿಯಿಂದ? ಇದಕ್ಕೆ ಉತ್ತರ ಹುಡುಕಬೇಕಾದರೆ ಗುಡಿಯಿಂದ ಸ್ವಲ್ಪ ದೂರ ಸರಿದು, ಊರ ಹೊರಗೆ ಅರ್ಧ ಹೂತು ನಿಂತ ಕಲ್ಲುಗಳ ಹತ್ತಿರ ಹೋಗಬೇಕು.

ತುರುಗೋಳಿನ ಕಲ್ಲುಗಳು

ಕರ್ನಾಟಕದಲ್ಲಿ ಸಾವಿರಾರು ವೀರಗಲ್ಲುಗಳಿವೆ. ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಂತೂ ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಸಾಲುಸಾಲಾಗಿ ಸಿಗುತ್ತವೆ. ಇವುಗಳಲ್ಲಿ ಒಂದು ದೊಡ್ಡ ಪಾಲು ‘ತುರುಗೋಳ್’ ಕಾಳಗದಲ್ಲಿ ಸತ್ತವರದು. ತುರು ಎಂದರೆ ದನ. ಗೋಳ್ ಎಂದರೆ ಕೊಳ್ಳುವುದು, ಸೆರೆಹಿಡಿಯುವುದು. ಶತ್ರುಗಳು ಊರ ದನ ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ, ದನಗಳನ್ನು ತಿರುಗಿಸಿ ತಂದು, ತಾನು ಮಡಿದವನಿಗೆ ಊರು ನಿಲ್ಲಿಸಿದ ಕಲ್ಲು ಇದು.

ಇಂಥ ಕಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಗಳದು. ಕೆಳಗಿನದರಲ್ಲಿ ಕಾಳಗ ಮತ್ತು ಸಾಲುಗಟ್ಟಿದ ದನಗಳು. ನಡುವೆ ವೀರನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯೂ ಇತ್ತು. ಅದಕ್ಕೆ ಬಾಳ್ಗಳ್ಚು, ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ಡಾ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ಬಲಿದಾನದ ಲೋಕವನ್ನು ವಿವರವಾಗಿ ತೆರೆದಿಟ್ಟಿದ್ದಾರೆ.

ಆ ಕಾಲದಲ್ಲಿ ದನವೆಂದರೆ ಕೇವಲ ಹಾಲಲ್ಲ. ಉಳುಮೆ, ಗೊಬ್ಬರ, ಹೇರು, ಮಗಳ ಮದುವೆ ಎಲ್ಲವೂ ಅದೇ. ಒಂದು ರಾತ್ರಿಯಲ್ಲಿ ಹಿಂಡು ಹೋದರೆ ಮುಂದಿನ ಮಳೆಗಾಲಕ್ಕೆ ಊರೇ ಇಲ್ಲ. ಆದ್ದರಿಂದ ಬೆನ್ನಟ್ಟಿ ಹೋದವನು ಊರಿನ ಪಾಲಿಗೆ ಪ್ರಾಣ ತಿರುಗಿಸಿ ತಂದವನು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ವೀರಗಲ್ಲಿನ ಮೇಲೆ ಕಳ್ಳನೂ ಇದ್ದಾನೆ. ಆದರೆ ಅವನಿಗೆ ಕೋರೆಹಲ್ಲಿಲ್ಲ, ಕೋಡಿಲ್ಲ. ವೀರನ ಕೈಯಲ್ಲಿರುವಂಥದೇ ಬಿಲ್ಲು, ಅಂಥದೇ ಕತ್ತಿ, ಅಂಥದೇ ಮೈಕಟ್ಟು. ಶಿಲ್ಪಿಯ ಕಣ್ಣಿಗೆ ಅವನು ಮನುಷ್ಯ. ಪಕ್ಕದ ನಾಡಿನ ಮನುಷ್ಯ, ಅಷ್ಟೆ.

ಭೀಷ್ಮನೂ ದನ ಹಿಡಿದವನೇ

ತುರುಗೋಳನ್ನು ಇಂದಿನ ಅರ್ಥದ ಕಳ್ಳತನವೆಂದು ತಿಳಿದರೆ ತಪ್ಪಾದೀತು. ಅದು ಯುದ್ಧದ ಮೊದಲ ಹೆಜ್ಜೆ. ಮಹಾಭಾರತದ ವಿರಾಟಪರ್ವದಲ್ಲಿ ವಿರಾಟನ ಗೋವುಗಳನ್ನು ಹಿಡಿಯಲು ಬಂದವರು ಯಾರು? ದುರ್ಯೋಧನನ ಜೊತೆ ಭೀಷ್ಮ, ದ್ರೋಣ, ಕೃಪರೂ ಇದ್ದರು. ಅವರನ್ನು ನಾವು ದನಗಳ್ಳರೆಂದು ಕರೆಯುವುದಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲನ್ನು ಹಳೆಯ ಶಾಸನಗಳು ವಿರಾಟನ ಕೋಟೆಯೆಂದು ಕರೆದದ್ದನ್ನು ನೆನೆದರೆ, ತುರುಗೋಳಿನ ಕಲ್ಲುಗಳು ತುಂಬಿದ ಈ ಸೀಮೆ ಆ ಕಥೆಯನ್ನು ತನ್ನದೇ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಾಚೀನ ತಮಿಳು ಕಾವ್ಯಲಕ್ಷಣವಂತೂ ಇದಕ್ಕೆ ಎರಡು ಹೂವುಗಳ ಹೆಸರಿಟ್ಟಿದೆ. ದನ ಹಿಡಿಯಲು ಹೋಗುವವರು ವೆಟ್ಚಿ ಹೂ ಮುಡಿದವರು. ಬಿಡಿಸಿ ತರುವವರು ಕರಂದೈ ಹೂ ಮುಡಿದವರು. ಇಬ್ಬರಿಗೂ ಹಾಡಿದೆ, ಇಬ್ಬರಿಗೂ ಕಲ್ಲಿದೆ. ಈ ಊರಿನ ಕಳ್ಳ ಆ ಊರಿನ ವೀರ. ಯಾವ ಕಲ್ಲಿನ ಮುಂದೆ ನಿಂತು ನೋಡುತ್ತೇವೆ ಎಂಬುದರ ಮೇಲೆ ತೀರ್ಪು ನಿಂತಿದೆ.

ಕಳ್ಳನಿಗೆ ಕೋರೆ ಮೂಡಿದ ಬಗೆ

ಹಾಗಾದರೆ ಕಲ್ಲಿನ ಮೇಲಿನ ಮನುಷ್ಯ ಕಥೆಯಲ್ಲಿ ರಕ್ಕಸನಾಗುವುದು ಯಾವಾಗ? ಇದು ನಡೆಯುವ ರೀತಿಯನ್ನು ಕಣ್ಣಾರೆ ಕಾಣಲು ರೋಮಿನ ಒಂದು ಕಥೆ ನೆರವಾಗುತ್ತದೆ. ಹರ್ಕ್ಯುಲಿಸ್ ಎಂಬ ಮಹಾವೀರ ತಾನು ಗೆದ್ದು ತಂದ ದನಗಳನ್ನು ಹೊಡೆದುಕೊಂಡು ಟೈಬರ್ ನದಿಯ ದಂಡೆಗೆ ಬಂದ. ದಣಿದು ಮಲಗಿದಾಗ ಕಾಕಸ್ ಎಂಬವನು ಒಳ್ಳೆಯ ಹೋರಿಗಳನ್ನು ಬಾಲ ಹಿಡಿದು ಹಿಂದುಮುಂದಾಗಿ ಎಳೆದು ಗವಿಯಲ್ಲಿ ಬಚ್ಚಿಟ್ಟ. ಹೆಜ್ಜೆಗಳು ಗವಿಯಿಂದ ಹೊರಗೆ ಹೋದಂತೆ ಕಾಣಲಿ ಎಂಬುದು ಅವನ ಉಪಾಯ. ಒಳಗಿನ ದನ ಕೂಗಿ ಗುಟ್ಟು ಬಯಲಾಯಿತು. ಹರ್ಕ್ಯುಲಿಸ್ ಅವನನ್ನು ಕೊಂದ.

ಸುಮಾರು 2000 ವರ್ಷಗಳ ಹಿಂದೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಇಬ್ಬರು ಈ ಕಥೆ ಬರೆದರು. ಇತಿಹಾಸಕಾರ ಲಿವಿಯ ಪುಸ್ತಕದಲ್ಲಿ ಕಾಕಸ್ ಆ ಊರ ಹತ್ತಿರದ ಒಬ್ಬ ಬಲಿಷ್ಠ ದನಗಾಹಿ. ಕವಿ ವರ್ಜಿಲನ ಕಾವ್ಯದಲ್ಲಿ ಅವನೇ ಬೆಂಕಿ ಉಗುಳುವ ಅರೆಮನುಷ್ಯ, ಅಗ್ನಿದೇವನ ಮಗ. ಕಳ್ಳ ಅದೇ, ಗವಿ ಅದೇ, ದನ ಅದೇ. ಬದಲಾದದ್ದು ಹೇಳುವವನ ಅಗತ್ಯ. ದೊಡ್ಡ ವೀರನಿಗೆ ಸಣ್ಣ ಕಳ್ಳ ಸಾಲುವುದಿಲ್ಲ; ವೀರ ದೇವರಾಗಬೇಕಾದರೆ ಎದುರಾಳಿ ರಾಕ್ಷಸನಾಗಲೇಬೇಕು. ಲಿವಿಯ ಕಥೆಯಲ್ಲಿ ಇನ್ನೊಂದು ಮಾತಿದೆ. ಹೆಣ ಬಿದ್ದೊಡನೆ ಸುತ್ತಲಿನ ಕುರಿಗಾಹಿಗಳು ಗುಂಪುಗೂಡಿ, ಈ ಪರದೇಶಿಯೇ ಕೊಲೆಗಾರನೆಂದು ಹರ್ಕ್ಯುಲಿಸನ ಮೇಲೆ ತಪ್ಪು ಹೊರಿಸಿದರು. ಅವನ ಗುರುತು ತಿಳಿದ ಮೇಲಷ್ಟೇ ಅವನಿಗೆ ಪೂಜೆ ಸಂದಿತು.

ನಮ್ಮಲ್ಲೂ ಇದೇ ಹಾದಿ. ಋಗ್ವೇದದಲ್ಲಿ ಗೋವುಗಳನ್ನು ಬಚ್ಚಿಟ್ಟ ಪಣಿಗಳ ಜಾಡು ಹಿಡಿದು ಇಂದ್ರನ ದೂತಿ ಸರಮೆ ಹೋಗುತ್ತಾಳೆ. ಪಣಿಗಳು ಅಲ್ಲಿ ಮಾತಿಗೆ ಮಾತು ಕೊಡುವ, ಚೌಕಾಸಿ ಮಾಡುವ ಎದುರಾಳಿಗಳು. ಮುಂದಿನ ಸಾಹಿತ್ಯದಲ್ಲಿ ಅವರು ಅಸುರರು. ಸರಮೆ ದೇವಲೋಕದ ನಾಯಿ.

ಮೈಲಾರನ ಕಥೆಯಲ್ಲೂ ನಾಯಿಯಿದೆ. ಮಣಿ, ಮಲ್ಲ ಎಂಬ ಅಸುರರನ್ನು ಕೊಲ್ಲಲು ಶಿವನು ಮೈಲಾರನಾಗಿ ಏಳುಕೋಟಿ ದಂಡು ಕಟ್ಟಿಕೊಂಡು ಬಂದನೆಂಬುದು ಪುರಾಣ. ಮರಾಠಿಗರಿಗೆ ಅವನೇ ಖಂಡೋಬಾ. ಅವನ ಭಕ್ತರಾದ ಗೊರವರು ಇಂದಿಗೂ ದೇವರ ನಾಯಿಗಳಂತೆ ಬೊಗಳುತ್ತ ಸೇವೆ ಸಲ್ಲಿಸುತ್ತಾರೆ. ಅಲ್ಲಿಯೂ ಭಂಡಾರ, ಅಲ್ಲಿಯೂ ಭಾರತ ಹುಣ್ಣಿಮೆಯ ಹೊತ್ತಿನ ಜಾತ್ರೆ. ಆದರೆ ಈ ಕಥೆಯ ಕೊನೆ ವಿಶೇಷವಾದದ್ದು. ಸಾಯುವಾಗ ಮಣಿ ಶರಣಾಗಿ, ದೇವರ ಸನಿಹದಲ್ಲಿ ತನಗೂ ಜಾಗ ಬೇಡಿದ. ದೇವರು ಕೊಟ್ಟ. ಮಹಾರಾಷ್ಟ್ರದ ಜೇಜುರಿಯಲ್ಲಿ ಮಣಿಗೂ ಪೂಜೆ ಸಲ್ಲುತ್ತದೆ. ಜನಪದರು ರಕ್ಕಸನನ್ನು ಕೊಂದು ಸುಮ್ಮನಾಗಲಿಲ್ಲ; ಕೂಡಿಸಿಕೊಂಡರು.

ವೀರ ಬೀರನಾದಾಗ

‘ವೀರ’ ಎಂಬ ಸಂಸ್ಕೃತ ಪದದ ತದ್ಭವ ‘ಬೀರ’. ಹಳ್ಳಿಯ ಎಷ್ಟೋ ವೀರಗಲ್ಲುಗಳಿಗೆ ಈಗ ಎಣ್ಣೆ, ಕುಂಕುಮ ಹಚ್ಚಿ ದೇವರೆಂದೇ ನಡೆದುಕೊಳ್ಳುತ್ತಾರೆ. ಅಕ್ಷರ ಸವೆದು, ಸತ್ತವನ ಹೆಸರು ಮರೆತುಹೋಗಿ, ಕಲ್ಲು ಮಾತ್ರ ಉಳಿದಾಗ ಹೀಗಾಗುವುದು ಸಹಜ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಮಹಾರಾಷ್ಟ್ರ, ಕರ್ನಾಟಕದ ಕುರಿಗಾರರ ನಡುವೆ ತಿರುಗಿ, ಬೀರೋಬಾ, ಖಂಡೋಬಾ, ಮಸ್ಕೋಬಾ ಮೊದಲಾದ ದೇವರುಗಳ ಹಿಂದಿರುವ ಈ ಪಶುಪಾಲಕ ಲೋಕವನ್ನು ಅಭ್ಯಾಸ ಮಾಡಿದರು. ಅವರೂ ಡಾ. ಷ. ಶೆಟ್ಟರ್ ಅವರೂ ಕೂಡಿ ಸಂಪಾದಿಸಿದ ಸ್ಮಾರಕ ಶಿಲೆಗಳ ಗ್ರಂಥ 1982ರಲ್ಲಿ ಧಾರವಾಡದಿಂದ ಹೊರಬಂತು.

ಹಾಗೆಂದು ಮಾಯಕ್ಕನ ಕಥೆಯ ಹಿಂದೆ ಇಂಥದೇ ಒಂದು ತುರುಗೋಳು ಇತ್ತೆಂದು ಗೆರೆ ಎಳೆದು ತೋರಿಸಲು ಹೊರಡಬಾರದು. ಪುರಾಣಗಳು ವರದಿಗಳಲ್ಲ. ಹೇಳಬಹುದಾದದ್ದು ಇಷ್ಟು: ಹಿಂಡು ಕಳೆದುಕೊಳ್ಳುವ ಭಯದಲ್ಲಿ ನೂರಾರು ವರ್ಷ ಬದುಕಿದ ಜನ ತಮ್ಮ ದೈವವನ್ನು ಕಲ್ಪಿಸಿಕೊಂಡಾಗ, ಸಿಂಹಾಸನದ ಮೇಲೆ ಕುಳಿತವಳನ್ನಲ್ಲ, ಬೆನ್ನಟ್ಟಿ ಬರುವವಳನ್ನು ಕಲ್ಪಿಸಿಕೊಂಡರು. ಮಾಣದೇಶದಿಂದ ಕೃಷ್ಣೆಯ ಈಚೆಗೆ ಆಕೆ ಬಂದ ದಾರಿ ಕುರಿಗಾರರ ಬದುಕಿಗೆ ಹೊಸದಲ್ಲ. ಮೇವಿನ ಜಾಡು ಹಿಡಿದು ಅವರು ನಡೆದ ಸೀಮೆಯೇ ಅದು.

ತಿರುಗುಮುರುಗಾದ ನ್ಯಾಯ

ಕಳ್ಳ ರಕ್ಕಸನಾಗುವ ಕಥೆಯನ್ನು ನಾವು ಪುರಾಣವೆಂದು ಬದಿಗಿಡಬಹುದಿತ್ತು, ಅದು ಪುರಾಣದಲ್ಲೇ ಮುಗಿದಿದ್ದರೆ. ಬೆಳಗಾವಿ ಸೀಮೆಯಲ್ಲೇ ಅದಕ್ಕೆ ಹತ್ತಿರದ ಉದಾಹರಣೆಗಳಿವೆ.

ಸಂಗೊಳ್ಳಿ ರಾಯಣ್ಣ ಕುರುಬ ಮನೆತನದವನು; ಕಿತ್ತೂರು ಸಂಸ್ಥಾನದ ಶೇತಸನದಿ. ಅಂದರೆ ಊರ ಕಾವಲಿನ ಸೇವೆಗಾಗಿ ಭೂಮಿ ಪಡೆದ ಮನೆತನ ಅವನದು. ಕಳ್ಳರ ಬೆನ್ನಟ್ಟುವುದೇ ಅವನ ಕೆಲಸ. ಕಂಪನಿ ಸರ್ಕಾರ ಆ ಭೂಮಿಗೆ ಕೈಹಾಕಿತು. ಅವನು ತಿರುಗಿ ಬಿದ್ದು ಕಚೇರಿಗಳನ್ನು ಸುಟ್ಟು, ಖಜಾನೆ ದೋಚಿದಾಗ ಸರ್ಕಾರದ ಕಣ್ಣಿಗೆ ದರೋಡೆಕೋರನಾದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಜನ ಮಾತ್ರ ಬೇರೆ ತೀರ್ಪು ಕೊಟ್ಟರು. ನಂದಗಡದ ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ವೀರಗಲ್ಲಿನ ಹಳೆಯ ಪದ್ಧತಿ ಅಲ್ಲಿ ಮತ್ತೆ ಜೀವ ತಳೆಯಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ನೋವಿನದು. 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳ ಕಾಯ್ದೆ ತಂದಿತು. 1911ರಲ್ಲಿ ಅದನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಬೆಳೆಸಲಾಯಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ಗಳು ಎದ್ದವು, ಕೆಲವು ಊರುಗಳಲ್ಲಿ ಓಣಿಯ ಹೆಸರಾಗಿ ಆ ಪದ ಇಂದಿಗೂ ಉಳಿದಿದೆ. ಅಲ್ಲಿಯ ಜನ ದಿನಾ ಹಾಜರಿ ಕೊಡಬೇಕು, ಪಾಸು ಇಲ್ಲದೆ ಹೊರಗೆ ಹೋಗುವಂತಿಲ್ಲ. ಅವರ ತಪ್ಪೇನು? ಆ ಜಾತಿಯಲ್ಲಿ ಹುಟ್ಟಿದ್ದು. ತುರುಗೋಳಿನ ಶಿಲ್ಪಿ ಕಳ್ಳತನ ಮಾಡಿದವನನ್ನೂ ಮನುಷ್ಯನಾಗಿ ಕೆತ್ತಿದ್ದ; ಈ ಕಾಯ್ದೆ ಕಳ್ಳತನ ಮಾಡದವನನ್ನೂ, ತೊಟ್ಟಿಲ ಕೂಸನ್ನೂ ಕಳ್ಳರ ಪಟ್ಟಿಗೆ ಸೇರಿಸಿತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ, ಅದು ರದ್ದಾಯಿತು. ಕಾಯ್ದೆ ಹೋದರೂ ಹೆಸರು ಹೋಗಲಿಲ್ಲ. ಉತ್ತರ ಕರ್ನಾಟಕದ ಒಂದು ಸಮುದಾಯ ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರಿನಿಂದಲೇ ಇದೆ. ಶಾಲೆಗೆ ಸೇರುವ ಮಗು ತನ್ನ ಜಾತಿ ಪ್ರಮಾಣಪತ್ರದಲ್ಲಿ ‘ಚೋರ’ ಎಂಬ ಪದ ಹೊತ್ತು ಹೋಗಬೇಕಾಗಿದೆ.

ಪುರಾಣ ಒಬ್ಬ ಕಳ್ಳನಿಗೆ ಕೋರೆಹಲ್ಲು ಹಚ್ಚಿದರೆ ಅದರಿಂದ ಯಾರಿಗೂ ಅನ್ನ ತಪ್ಪುವುದಿಲ್ಲ. ಕಥೆಯ ಕೊನೆಗೆ ಮಣಿಗೂ ದೇವರ ಪಕ್ಕದಲ್ಲಿ ಜಾಗ ಸಿಗುತ್ತದೆ. ಸರ್ಕಾರಿ ದಫ್ತರ ಹಚ್ಚಿದ ಕೋರೆಗೆ ಅಂಥ ಕರುಣೆಯಿಲ್ಲ. ಅದು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತದೆ.

ಚಿಂಚಲಿಯ ಜಾತ್ರೆಗೆ ಹೋಗುವವರಿಗೆ ಮಾಯಕ್ಕ ಎರಡು ಪಾಠ ಹೇಳುತ್ತಾಳೆ ಎನ್ನಬಹುದು. ಕಾಯುವವರು ಕೆಲವೊಮ್ಮೆ ಭಯಂಕರವಾಗಿ ಕಾಣುತ್ತಾರೆ. ಅವರ ಬೆನ್ನಿಗಿರುವ ಕೂಸನ್ನು ನೋಡಿ ತೀರ್ಪು ಕೊಡಬೇಕು. ಇನ್ನು, ಯಾರನ್ನಾದರೂ ರಕ್ಕಸನೆಂದು ಕರೆಯುವ ಮೊದಲು, ಊರ ಹೊರಗಿನ ವೀರಗಲ್ಲಿನ ಕೆಳಪಟ್ಟಿಕೆಯನ್ನು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.