ಎತ್ತಿನ ಹಲ್ಲು, ಬೆಕ್ಕಿನ ಹಲ್ಲು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಎತ್ತಿನ ವ್ಯಾಪಾರ ಶುರುವಾಗುವುದೇ ಹಲ್ಲಿನಿಂದ. ಕೊಳ್ಳುವ ರೈತ ಮೂಗುದಾರ ಹಿಡಿದು, ಕೆಳತುಟಿ ಸರಿಸಿ, ಮುಂದಿನ ಹಲ್ಲು ನೋಡುತ್ತಾನೆ. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲೇ ಇಲ್ಲ. ಲೆಕ್ಕವೆಲ್ಲ ಕೆಳಗಿನ ಎಂಟರದು. ಎರಡು ವರ್ಷ ದಾಟಿದ ಮೇಲೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುತ್ತದೆ. ನಾಲ್ಕೈದು ವರ್ಷಕ್ಕೆ ಎಂಟೂ ತುಂಬಿ ಎತ್ತು ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ವಯಸ್ಸು ಹೇಳುವುದು ಸವೆತ. ಎಂಥ ಸೂಕ್ಷ್ಮ ವಿದ್ಯೆ ಇದು!

ಬೆಕ್ಕಿನ ಬಾಯನ್ನು ಮಾತ್ರ ಯಾರೂ ಹೀಗೆ ನೋಡಲಿಲ್ಲ. ಜೋಳ, ತೊಗರಿಯ ಚೀಲಗಳನ್ನು ಇಲಿಯಿಂದ ಕಾಯುವುದು ಅದರ ಕೆಲಸ. ಉಳಿದದ್ದು ಅದರ ಪಾಡು.

ಪಶುವೈದ್ಯವೂ ಬೆಳೆದದ್ದು ಎತ್ತು, ಕುದುರೆಗಳ ಸುತ್ತಲೇ. 1956ರಲ್ಲಿ ಈ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. 1958ರಲ್ಲಿ ದೂರದ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಬಂತು. ನೆರೆಯ ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ನೆಲೆಯೂರಲು ಈ ಶತಮಾನವೇ ಬರಬೇಕಾಯಿತು.

ಇವತ್ತು ವಾಡಿ, ಶಹಾಬಾದಿನ ಮನೆಗಳಲ್ಲಿ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಮಲಗುವ ಬೆಕ್ಕು ಮನೆಮಂದಿಯಲ್ಲೊಂದು. ಅದರ 30 ಹಲ್ಲುಗಳಿಗೂ ರೈತನ ಆ ಕಣ್ಣು ಬೇಕು. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಹಲ್ಲು ಕೊಳೆತರೂ ಉಣ್ಣುತ್ತಲೇ ಇರುತ್ತದೆ. ಒಸಡಿನ ಕೆಳಗಿನ ಗಟ್ಟಿ ಕೊಳೆ ತೆಗೆಯಲು ಅರಿವಳಿಕೆ ಕೊಡಲೇಬೇಕು. ಆ ಭಯಕ್ಕೇ ಮನೆಯವರು ಹಿಂಜರಿಯುತ್ತಾರೆ, ಅದು ಸಹಜವೂ ಹೌದು. ಮುದಿ ಬೆಕ್ಕಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ ಹೇಗಿದೆಯೆಂದು ತಿಳಿದು ನಿರ್ಧರಿಸುವುದು ಸರಿ. ಸುಮ್ಮನೆ ಮುಂದೂಡುವುದು ಸರಿಯಲ್ಲ. ಬಾಯಿ ನಾರುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಟೂತ್‌ಪೇಸ್ಟ್ ಮಾತ್ರ ಹಚ್ಚಬೇಡಿ.