ಸಾವಿನಂಚಿನಲ್ಲಿ ಕಾಣುವ ನೋಟಗಳು: ವಿಜ್ಞಾನ ಏನನ್ನು ಹೇಳಬಲ್ಲುದು?

ಕೊನೆಯ ದಿನಗಳಲ್ಲಿರುವ ಹಿರಿಯರು ಕೋಣೆಯ ಖಾಲಿ ಮೂಲೆಯತ್ತ ನೋಡುತ್ತ, ಎಂದೋ ತೀರಿಕೊಂಡ ತಾಯಿಯೊಡನೆಯೋ ಅಣ್ಣನೊಡನೆಯೋ ಮಾತನಾಡುವುದನ್ನು ಅನೇಕ ಮನೆಗಳವರು ಕಂಡಿದ್ದಾರೆ. ಹೃದಯಸ್ತಂಭನದಿಂದ ಬದುಕುಳಿದ ಕೆಲವರು ಕತ್ತಲ ಸುರಂಗ, ಅದರಾಚೆಯ ಬೆಳಕು, ಮೇಲಿನಿಂದ ಕಂಡ ತಮ್ಮದೇ ದೇಹ ಇವುಗಳನ್ನು ವರ್ಣಿಸುತ್ತಾರೆ. ನನ್ನ ವೈದ್ಯವೃತ್ತಿಯಲ್ಲಿ ಈ ಎರಡೂ ಬಗೆಯ ಮಾತುಗಳನ್ನು ಕೇಳಿದ್ದೇನೆ. ಎರಡನ್ನೂ ಒಂದೇ ಎಂದು ಭಾವಿಸುವುದು ವಾಡಿಕೆ. ಆದರೆ ಇವು ಹುಟ್ಟುವ ಸಂದರ್ಭ ಬೇರೆ, ಆಗಿನ ಮಿದುಳಿನ ಸ್ಥಿತಿ ಬೇರೆ, ಮನೆಯವರು ಮಾಡಬೇಕಾದುದೂ ಬೇರೆ.

ಮರಳಿ ಬಂದವರ ಕಥನ

ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್, ಪರ್ವತಗಳಿಂದ ಬಿದ್ದು ಬದುಕುಳಿದವರ ಅನುಭವಗಳನ್ನು 1892ರಲ್ಲಿಯೇ ಪ್ರಕಟಿಸಿದ್ದರು. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಬರೆದ ‘ಲೈಫ್ ಆಫ್ಟರ್ ಲೈಫ್’ ಪುಸ್ತಕದಿಂದ ‘ಸಾವಿನಂಚಿನ ಅನುಭವ’ ಎಂಬ ಪರಿಕಲ್ಪನೆ ಜನಪ್ರಿಯವಾಯಿತು. ನೆದರ್ಲೆಂಡ್ಸಿನ ಹೃದ್ರೋಗತಜ್ಞ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 10 ಆಸ್ಪತ್ರೆಗಳಲ್ಲಿ ಹೃದಯಸ್ತಂಭನದಿಂದ ಚೇತರಿಸಿಕೊಂಡ 344 ರೋಗಿಗಳನ್ನು ಸಂದರ್ಶಿಸಿ, 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರಲ್ಲಿ 62 ಮಂದಿಗೆ, ಅಂದರೆ ಶೇ. 18ರಷ್ಟು ಜನರಿಗೆ ಇಂತಹ ಅನುಭವವಾಗಿತ್ತು. ಉಳಿದವರಿಗೆ ಆ ಅವಧಿಯ ಯಾವ ನೆನಪೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇವರಾರೂ ಸತ್ತು ಬದುಕಿದವರಲ್ಲ. ಹೃದಯ ಒಮ್ಮೆಗೇ ನಿಲ್ಲಬಹುದು. ಮಿದುಳಿನ ಕೋಶಗಳು ಸಾಯುವುದು ನಿಧಾನವಾಗಿ. ಆ ನಡುವಿನ ಅವಧಿಯಲ್ಲಿ ನಡೆಯುವುದೇನು ಎಂಬುದೇ ವಿಜ್ಞಾನದ ಪ್ರಶ್ನೆ.

ಸುರಂಗ ಮತ್ತು ಬೆಳಕು

ದೇಹದ ತೂಕದ ಶೇ. 2ರಷ್ಟಿರುವ ಮಿದುಳು, ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20ರಷ್ಟನ್ನು ಕಬಳಿಸುತ್ತದೆ. ರಕ್ತದ ಹರಿವು ನಿಂತರೆ 10ರಿಂದ 20 ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಯುದ್ಧವಿಮಾನದ ಚಾಲಕರನ್ನು ವೇಗವಾಗಿ ಸುತ್ತಿಸುವ ತರಬೇತಿ ಯಂತ್ರಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ರಕ್ತ ಕಾಲುಗಳತ್ತ ಇಳಿದಾಗ ಮೊದಲು ಸೊರಗುವುದು ಕಣ್ಣಿನ ಅಕ್ಷಿಪಟಲ. ನೋಟದ ಅಂಚುಗಳು ಮಸುಕಾಗಿ, ನಡುವಿನ ಭಾಗ ಮಾತ್ರ ಉಳಿದು, ಸುರಂಗದೊಳಗಿಂದ ನೋಡಿದಂತಾಗುತ್ತದೆ. ಅಮೆರಿಕದ ವೈದ್ಯ ಜೇಮ್ಸ್ ವಿನ್ನರಿ ಇಂತಹ ಚಾಲಕರನ್ನು ದೀರ್ಘಕಾಲ ಅಧ್ಯಯನ ಮಾಡಿದರು. ತೇಲಿದಂತಹ ಭಾವ, ಹಿತವಾದ ಕಿರುಗನಸುಗಳು ಅವರ ವರದಿಗಳಲ್ಲಿವೆ. ಆ ಚಾಲಕರಾರೂ ಸಾವಿನ ಸಮೀಪದಲ್ಲಿರಲಿಲ್ಲ.

ದೇಹದಿಂದ ಹೊರಬಂದ ಅನುಭವಕ್ಕೂ ಮಿದುಳಿನಲ್ಲಿ ಒಂದು ನೆಲೆಯಿದೆ. 2002ರಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಮಹಿಳೆಯೊಬ್ಬರ ಬಲಮಿದುಳಿನ ಒಂದು ನಿರ್ದಿಷ್ಟ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ತಾನು ಮೇಲೆ ತೇಲುತ್ತ ಕೆಳಗೆ ಮಲಗಿರುವ ತನ್ನನ್ನೇ ನೋಡುತ್ತಿರುವುದಾಗಿ ಆಕೆ ಹೇಳಿದರು. ಕಣ್ಣು, ಒಳಕಿವಿ, ಸ್ನಾಯುಗಳಿಂದ ಬರುವ ಸುದ್ದಿಗಳನ್ನು ಹೆಣೆದು ‘ನಾನು ಇಲ್ಲಿದ್ದೇನೆ’ ಎಂಬ ಅರಿವನ್ನು ಕಟ್ಟಿಕೊಡುವ ಜಾಗವದು. ಆ ಹೆಣಿಗೆ ಬಿಚ್ಚಿದಾಗ ‘ನಾನು’ ಬೇರೆಡೆ ಇರುವಂತೆ ತೋರುತ್ತದೆ.

ಮಿಶಿಗನ್ ವಿಶ್ವವಿದ್ಯಾಲಯದ ಜಿಮೊ ಬೊರ್ಜಿಗಿನ್ 2013ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಹೃದಯ ನಿಂತ 30 ಸೆಕೆಂಡುಗಳೊಳಗೆ ಮಿದುಳಿನಲ್ಲಿ ಗಾಮಾ ತರಂಗಗಳು ಉಕ್ಕುವುದನ್ನು ದಾಖಲಿಸಿದರು. 2023ರಲ್ಲಿ ಅವರ ತಂಡ, ಕೃತಕ ಉಸಿರಾಟ ನಿಲ್ಲಿಸಿದ 4 ರೋಗಿಗಳ ಪೈಕಿ ಇಬ್ಬರಲ್ಲಿ ಇಂತಹುದೇ ಉಕ್ಕನ್ನು ಕಂಡಿತು. ಆದರೆ ಆ ಇಬ್ಬರೂ ತಾವು ಕಂಡದ್ದನ್ನು ಹೇಳಲು ಮರಳಿ ಬರಲಿಲ್ಲ. ಮಿದುಳು ಚಟುವಟಿಕೆಯಿಂದಿತ್ತು ಎಂಬಷ್ಟನ್ನು ಮಾತ್ರ ಇದು ಹೇಳುತ್ತದೆ. ಇನ್ನು, ಜೀವ ನಿಜಕ್ಕೂ ಮೇಲಿನಿಂದ ನೋಡುತ್ತದೆಯೇ? ಸ್ಯಾಮ್ ಪಾರ್ನಿಯಾ ನೇತೃತ್ವದ ಅಧ್ಯಯನಗಳಲ್ಲಿ ಇದನ್ನು ಪರೀಕ್ಷಿಸಲು ಚಿತ್ರಗಳನ್ನು ಬಳಸಿದರು. 2023ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ 567 ಹೃದಯಸ್ತಂಭನಗಳಿದ್ದವು. ಬದುಕಿ ಸಂದರ್ಶನಕ್ಕೆ ಸಿಕ್ಕ 28 ಮಂದಿಯಲ್ಲಿ ಚಿತ್ರವನ್ನು ಗುರುತಿಸಿದವರು ಒಬ್ಬರೂ ಇಲ್ಲ.

ಯಮದೂತರ ಪ್ರಮಾದ

ಮಿದುಳು ಎಲ್ಲೆಡೆ ಒಂದೇ ಆದರೂ ನೋಟಗಳು ಒಂದೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸ್ರಿಚಾ ಅವರು ಇಯಾನ್ ಸ್ಟೀವನ್ಸನ್ ಜೊತೆಗೂಡಿ 1986ರಲ್ಲಿ ಭಾರತದ 16 ಪ್ರಕರಣಗಳನ್ನು ವರದಿ ಮಾಡಿದರು. ಮುಂದೆ ಕರ್ನಾಟಕದ ಹಳ್ಳಿಗಳಲ್ಲಿಯೂ ಸಮೀಕ್ಷೆ ನಡೆಸಿದರು. ಭಾರತದ ಕಥನಗಳಲ್ಲಿ ಯಮದೂತರು ಬಂದು ಎಳೆದೊಯ್ಯುತ್ತಾರೆ. ಅಲ್ಲಿ ಲೆಕ್ಕ ನೋಡಿದವನು ‘ತಪ್ಪು ಮನುಷ್ಯನನ್ನು ತಂದಿದ್ದೀರಿ’ ಎಂದು ಹಿಂದಕ್ಕೆ ಕಳುಹಿಸುತ್ತಾನೆ. ಅಮೆರಿಕದ ಕಥನಗಳಲ್ಲಿ ಬೆಳಕಿನ ಪುರುಷನೋ ಬಂಧುವೋ ಎದುರಾಗಿ ಮರಳುವಂತೆ ತಿಳಿಸುತ್ತಾರೆ. ಅನುಭವದ ಬೀಜ ಮಿದುಳಿನದು, ಅದು ತೊಡುವ ರೂಪ ಬಾಲ್ಯದಿಂದ ಕೇಳಿದ ಕಥೆಗಳದು ಎಂದು ನನ್ನ ತಿಳಿವಳಿಕೆ.

ಮರಣಶಯ್ಯೆಯ ದರ್ಶನಗಳು

ನಿಧಾನವಾಗಿ ಸಾವಿನತ್ತ ಸಾಗುತ್ತಿರುವವರ ಸಂಗತಿ ಬೇರೆ. ಅಮೆರಿಕದ ಬಫಲೊ ನಗರದ ಹಾಸ್ಪಿಸ್‌ನಲ್ಲಿ ಕ್ರಿಸ್ಟೋಫರ್ ಕೆರ್ ಮತ್ತು ಸಂಗಡಿಗರು 59 ರೋಗಿಗಳನ್ನು ದಿನದಿನವೂ ಸಂದರ್ಶಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 88ರಷ್ಟು ಜನರು ಕನಿಷ್ಠ ಒಂದು ಕನಸನ್ನೋ ದರ್ಶನವನ್ನೋ ಹೇಳಿಕೊಂಡರು. ಸಾವು ಸಮೀಪಿಸಿದಂತೆ ತೀರಿಕೊಂಡವರೇ ಹೆಚ್ಚು ಕಾಣಿಸಿಕೊಂಡರು. ಅತಿ ಹೆಚ್ಚು ನೆಮ್ಮದಿ ಕೊಟ್ಟವರೂ ಅವರೇ. ನಿದ್ರೆ ಮತ್ತು ಎಚ್ಚರಗಳ ನಡುವಿನ ಗೆರೆ ಅಳಿಸಿ ಕನಸು ಎಚ್ಚರದೊಳಕ್ಕೆ ನುಸುಳುವುದು ಇದಕ್ಕೆ ಒಂದು ಸಂಭಾವ್ಯ ವಿವರಣೆ.

ಇದನ್ನು ಸನ್ನಿಯಿಂದ ಬೇರ್ಪಡಿಸುವುದು ವೈದ್ಯರ ಮುಖ್ಯ ಕರ್ತವ್ಯ. ದರ್ಶನ ಕಂಡವರು ಸಾಮಾನ್ಯವಾಗಿ ಶಾಂತರಾಗಿರುತ್ತಾರೆ, ಮಕ್ಕಳನ್ನು ಗುರುತಿಸುತ್ತಾರೆ, ಕಂಡದ್ದನ್ನು ಜೋಡಿಸಿ ಹೇಳುತ್ತಾರೆ. ಸನ್ನಿಯಲ್ಲಿ ಗಮನ ನಿಲ್ಲುವುದಿಲ್ಲ, ಹಗಲುರಾತ್ರಿ ತಲೆಕೆಳಗಾಗುತ್ತದೆ. ಹೊದಿಕೆ ಕೀಳುವುದು, ಹುಳುಗಳು ಕಂಡು ಬೆದರುವುದು ಉಂಟು. ಸೋಂಕು, ಮೂತ್ರಪಿಂಡದ ವೈಫಲ್ಯ, ರಕ್ತದಲ್ಲಿ ಏರಿದ ಕ್ಯಾಲ್ಸಿಯಂ, ಮಾರ್ಫಿನ್‌ನಂತಹ ಔಷಧ, ಕಟ್ಟಿಕೊಂಡ ಮೂತ್ರ, ಮಲಬದ್ಧತೆ ಇವೆಲ್ಲ ಸನ್ನಿಗೆ ಕಾರಣವಾಗಬಲ್ಲವು, ಹಲವನ್ನು ಸರಿಪಡಿಸಬಹುದು. ಸನ್ನಿಯನ್ನು ದರ್ಶನವೆಂದು ಬಿಟ್ಟರೆ ರೋಗಿ ವೃಥಾ ನರಳುತ್ತಾರೆ. ದರ್ಶನವನ್ನು ಸನ್ನಿಯೆಂದು ಬಗೆದು ಮಂಪರಿನ ಔಷಧ ಕೊಟ್ಟರೆ, ಮನೆಯವರೊಡನೆ ಆಡಬಹುದಾಗಿದ್ದ ಕೊನೆಯ ಮಾತುಗಳೂ ಕಳೆದುಹೋಗುತ್ತವೆ.

ಹೊರದೇಶದ ಆಸ್ಪತ್ರೆಯಲ್ಲಿ

ನಮ್ಮಂತಹ ವಲಸಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ವಯಸ್ಸಾದವರು ಕೊನೆಗಾಲದಲ್ಲಿ ಇಂಗ್ಲಿಷನ್ನು ಬಿಟ್ಟು ಕನ್ನಡಕ್ಕೆ ಮರಳುವುದು ಸಾಮಾನ್ಯ. ಆ ಮಾತು ತಿಳಿಯದ ದಾದಿಯರಿಗೆ ಅದು ಬರಿಯ ಬಡಬಡಿಕೆಯಂತೆ ಕೇಳಿಸಬಹುದು. ಆದುದರಿಂದ ಹಿರಿಯರು ಏನೆಂದರೋ ಅದನ್ನು ಮುಜುಗರಪಡದೆ, ಸೋಸದೆ, ಇದ್ದಂತೆಯೇ ಅನುವಾದಿಸಿ ಹೇಳಿ. ‘ಅಮ್ಮ ಬಂದು ಹಾಸಿಗೆಯ ಬಳಿ ಕುಳಿತಿದ್ದಾಳೆ ಎನ್ನುತ್ತಿದ್ದಾರೆ, ಭಯವಿಲ್ಲ’ ಎಂಬ ಒಂದು ವಾಕ್ಯದಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

ಅವರೊಡನೆ ವಾದಿಸಬೇಕಿಲ್ಲ; ನಿಮಗೂ ಕಾಣುತ್ತಿದೆಯೆಂದು ನಟಿಸಬೇಕಾಗಿಯೂ ಇಲ್ಲ. ‘ಯಾರು ಬಂದಿದ್ದಾರೆ? ಏನು ಹೇಳುತ್ತಿದ್ದಾರೆ?’ ಎಂದು ಕೇಳಿದರೆ ಸಾಕು. ಹೆದರಿದ್ದಾರೆಂದು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಊರಿನಿಂದ ಫೋನಿನಲ್ಲಿ ಇಂತಹ ಸುದ್ದಿ ಬಂದಾಗ ‘ಇನ್ನೆಷ್ಟು ದಿನ?’ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ದರ್ಶನಗಳು ಸಾವಿಗೆ ವಾರಗಳ ಮೊದಲೂ ಕಾಣಿಸಿಕೊಳ್ಳಬಹುದಾದುದರಿಂದ, ಅವುಗಳಿಂದ ದಿನ ಎಣಿಸಲಾಗದು. ಹೊರಡಬೇಕೇ ಬೇಡವೇ ಎಂಬುದನ್ನು ಊಟ, ಉಸಿರು, ಎಚ್ಚರ ಇವುಗಳ ಬಗ್ಗೆ ಅಲ್ಲಿನ ವೈದ್ಯರನ್ನು ವಿಚಾರಿಸಿ ನಿರ್ಧರಿಸುವುದು ಒಳ್ಳೆಯದು.