ಎದಿಗೆ ರೋಗ, ಕೈಗ್ಯಾಕ ಬಾವು? (ಭಾಗ 4)

ನಮ್ಮ ಓಣ್ಯಾಗ ಕಂಡಿಕಿ ಸುತ್ತೋ ಒಬ್ಬ ಅಜ್ಜಿ ಇದ್ರು. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಗುಣ ಆದ್ರು, ಆದ್ರ ಬಲಗೈ ಬಾತದ್ದು ಇಳೀಲೇ ಇಲ್ಲ. ರಾಟಿ ತಿರುಗಿಸೋ ಕೈನೇ ಅದು. ಬನಹಟ್ಟಿಯೊಳಗ ಕೈ ಹೋತಂದ್ರ ದುಡಿಮಿ ಹೋದಂಗ, ನಿಮಗೇ ಗೊತ್ತಲ್ಲ.

ಉತ್ತರ ಕಂಕುಳದಾಗ ಐತಿ. ಸ್ತನದ ದುಗ್ಧರಸ ಹೆಚ್ಚಾಗಿ ಹರಿಯೋದು ಅಲ್ಲಿಯ ಗ್ರಂಥಿಗಳ ಮೂಲಕ, ಕೈಯದೂ ಅದೇ ದಾರಿ. ಕ್ಯಾನ್ಸರ್ ಹರಡಿದ್ರ ಸಾಮಾನ್ಯವಾಗಿ ಮೊದಲು ಸಿಗೋದೂ ಅಲ್ಲೇ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ವಿವರಿಸಿದ ಆಪರೇಷನ್‌ನಲ್ಲಿ ಸ್ತನ, ಎದೆಯ ಸ್ನಾಯು, ಕಂಕುಳದ ಗ್ರಂಥಿ ಎಲ್ಲಾನೂ ತೆಗೀತಿದ್ರು. ಮುಂದ ಸ್ನಾಯು ಉಳಿಸೋದು ಕಲಿತರು, ಗ್ರಂಥಿ ತೆಗೆಯೋದು ಮಾತ್ರ ಬಹಳ ವರ್ಷ ನಿಲ್ಲಲಿಲ್ಲ. ರೋಗ ಹರಡಿರಲಿ, ಬಿಡಲಿ. ರಸದ ದಾರಿ ಕಡಿದ್ರ ಕೈ ಬಾಯದೇ ಏನು?

1994ರಲ್ಲಿ ಅರ್ಮಾಂಡೊ ಗಿಯುಲಿಯಾನೊ ತಂಡ ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಮೊದಲು ಮುಟ್ಟೋ ಗ್ರಂಥಿ ಹುಡುಕೋದನ್ನ ತೋರಿಸ್ತು. ಸೆಂಟಿನೆಲ್ ಅಂದ್ರ ಕಾವಲುಗಾರ. ಅದು ಸ್ವಚ್ಛ ಇದ್ರ ಉಳಿದಾವನ್ನ ಮುಟ್ಟೋದು ಬ್ಯಾಡ.

ಆದ್ರ ರೋಗಿ ಇನ್ನೂ ಟೇಬಲ್ ಮ್ಯಾಲ ಇರ್ತಾಳ, ಉತ್ತರ ಈಗಲೇ ಬೇಕು. ಗ್ರಂಥಿ ಹೆಪ್ಪುಗಟ್ಟಿಸಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಾಗ ನೋಡ್ತಾರ. ಕೊಯ್ಯದ ಭಾಗದಾಗ ಸಣ್ಣ ಗಡ್ಡಿ ಕೂತಿದ್ರ ತಪ್ಪಿಹೋಗ್ತದ. ಮಾಲಿಕ್ಯುಲರ್ ಟೆಸ್ಟ್ ಹುಟ್ಟಿದ್ದು ಇಲ್ಲೇ. ಜಪಾನಿನಿಂದ ಬಂದ ‘ಓಸ್ನಾ’ ವಿಧಾನದಾಗ ಗ್ರಂಥಿಯನ್ನೇ ಅರೆದು, ಸಿಕೆ19 ಅನ್ನೋ ಜೀನ್‌ನ ಆರ್‌ಎನ್‌ಎ ಹುಡುಕ್ತಾರ. ಸ್ತನದ ಕೋಶದಾಗ ಅದು ಇರ್ತದ, ಆರೋಗ್ಯವಂತ ಗ್ರಂಥಿಯೊಳಗ ಇರೋದು ತೀರಾ ಕಡಿಮಿ. ಸುಮಾರು 30–40 ನಿಮಿಷದಾಗ ಉತ್ತರ! 2007ರಲ್ಲಿ ಇದರ ಮೊದಲ ವರದಿ ಬಂತು. ಅದೇ ವರ್ಷ ಅಮೆರಿಕ ‘ಜೀನ್‌ಸರ್ಚ್’ ಅನ್ನೋ ಇನ್ನೊಂದು ಟೆಸ್ಟ್‌ಗೆ ಒಪ್ಪಿಗೆ ಕೊಡ್ತು, ಅದು ಮಾರುಕಟ್ಟೆಯಾಗ ಉಳೀಲಿಲ್ಲ. ಓಸ್ನಾಕ್ಕ 2013ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಶಿಫಾರಸು ಮಾಡ್ತು. ಕುಂದೂ ಐತಿ: ಅರೆದ ಮ್ಯಾಲ ಆ ತುಂಡು ಮತ್ತ ನೋಡಾಕ ಸಿಗಂಗಿಲ್ಲ.

ಕಥಿ ತಿರುಗೋದು 2011ರಲ್ಲಿ. ‘ಜಡ್ 0011’ ಅಧ್ಯಯನ ಹೇಳ್ತು: ಚಿಕ್ಕ ಗಡ್ಡಿ, ಸ್ತನ ಉಳಿಸೋ ಆಪರೇಷನ್, ರೇಡಿಯೇಷನ್ ಇದ್ದವರಿಗೆ, ಕಾವಲು ಗ್ರಂಥಿ ಒಂದೆರಡರಾಗ ರೋಗ ಇದ್ರೂ, ಉಳಿದಾವನ್ನ ಬಿಟ್ರೆ ಬದುಕಿಗೆ ಹಾನಿ ಇಲ್ಲ. ಅಂದ್ರ ಅಷ್ಟು ಅವಸರದ ಉತ್ತರ ಎಲ್ಲರಿಗೂ ಬೇಕಿರಲಿಲ್ಲ. ನನಗಂತೂ ಇದು ಓದಿ ನಗು ಬಂತು, ಆಮ್ಯಾಲ ಅಜ್ಜಿ ನೆನಪಾದ್ರು.

ಮನ್ಯಾಗ ಯಾರಿಗಾದ್ರೂ ಈ ಆಪರೇಷನ್ ಹೇಳಿದ್ರ, ಡಾಕ್ಟರ್ ಹತ್ರ ಕೇಳ್ರಿ: “ಸೆಂಟಿನೆಲ್ ಗ್ರಂಥಿ ಮೊದಲು ನೋಡ್ತೀರೇನ್ರಿ?” ಭಾಗ 5: ಬಾತ ಕೈಗೆ ಪಟ್ಟಿ ಕಟ್ಟೋದು, ವ್ಯಾಯಾಮ.